ನರೆಗೂದಲಿನ ಲೇಯರ್

"ಅಮ್ಮನ್ನ ಇನ್ನೂ ಸ್ವಲ್ಪ ಅಪ್ಪನ ಹತ್ರ ತಾ, ಚಿಕ್ಕಮ್ಮ. ಮಧ್ಯೆ ಇನ್ನೊಬ್ಬಳು ಕೂರೋಷ್ಟು ಜಾಗ ಬಿಟ್ಟಿದ್ದೀಯಲ್ಲ!" ಎಂದಳು ಮಗಳು, ಕುರ್ಚಿಯ ಹಿಂದೆ ನಿಂತು.

ಆ ಇನ್ನೊಬ್ಬಳು ಮೌಸ್ ಹಿಡಿದುಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದಳು. ಫೋಟೋ ಸ್ಟುಡಿಯೋಗೆ ಬರುವ ಊರವರ ಮುಖಗಳನ್ನೆಲ್ಲ ಕಂಪ್ಯೂಟರಿನಲ್ಲಿ ತಿದ್ದಿ ತೀಡುವ ಚಿಕ್ಕಮ್ಮನಿಗೆ ಇವತ್ತು ಮನೆಯದೇ ಕೆಲಸ. ಮಗಳು ಹಲ್ಲಿನ ಡಾಕ್ಟರಾಗಿ ಸ್ವಂತ ಕ್ಲಿನಿಕ್ ತೆರೆಯುತ್ತಿದ್ದಾಳೆ. ಅದರ ಗೋಡೆಗೆ ಅಪ್ಪ, ಅಮ್ಮ, ತಾನು ಒಟ್ಟಿಗಿರುವ ಫೋಟೋ ಬೇಕಂತೆ. ಅಂಥದ್ದೊಂದು ಫೋಟೋ ಎಲ್ಲೂ ಇಲ್ಲ. ಅಮ್ಮ ತೀರಿಹೋದಾಗ ಮಗಳಿಗಿನ್ನೂ ಹಾಲುಹಲ್ಲು. ಆ ಹಾಲುಹಲ್ಲುಗಳನ್ನು ದಿನಾ ಉಜ್ಜಿದವಳು, ಅಲುಗಾಡಿದಾಗ ದಾರ ಕಟ್ಟಿ ಕಿತ್ತವಳು ಆಮೇಲೆ ಅಪ್ಪ ಕಟ್ಟಿಕೊಂಡ ಈ ಚಿಕ್ಕಮ್ಮ. ಆದರೂ ಗೋಡೆ ಏರುವವಳು ಅಮ್ಮನೇ.

ಅಪ್ಪ ಮತ್ತು ಮಗಳು ಒಂದು ಲೇಯರಿನಲ್ಲಿದ್ದರು. ಹಳೆಯ ಫೋಟೋದಿಂದ ಕತ್ತರಿಸಿ ತೆಗೆದ ಅಮ್ಮ ಅದರ ಮೇಲಿನ ಲೇಯರಿನಲ್ಲಿ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಪ್ರತಿ ಲೇಯರಿನ ಪಕ್ಕದಲ್ಲೂ ಒಂದು ಕಣ್ಣಿನ ಗುರುತು. ಅದನ್ನು ಒತ್ತಿದರೆ ಆ ಲೇಯರ್ ಮಾಯ, ಮತ್ತೆ ಒತ್ತಿದರೆ ಹಾಜರ್.

"ಕೆಳಗೆ ಏನಂತ ಬರೀಲಿ?"

"'ಅಪ್ಪ, ಅಮ್ಮ ಮತ್ತು ನಾನು.' ದಪ್ಪ ಅಕ್ಷರದಲ್ಲಿ."

"ಮತ್ತೆ ನಾನು ಯಾರು ಅಂತ ನಿನ್ನ ರೋಗಿಗಳು ಕೇಳಿದ್ರೆ?"

"ಅಯ್ಯೋ, ಈ ಫೋಟೋ ಮಾಡಿಕೊಟ್ಟವಳೇ ನೀನು ಅಂತೀನಿ ಬಿಡು," ಎಂದು ನಕ್ಕ ಮಗಳು ಚಿಕ್ಕಮ್ಮನ ಕೆನ್ನೆ ಹಿಂಡಿ ಹೊರಟುಹೋದಳು.

ಹುಡುಗಿಯ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಚಿಕ್ಕಮ್ಮನ ಹೊಟ್ಟೆ ಇನ್ನಷ್ಟು ಉರಿಯಿತು. ಕಟ್ಟಿಕೊಂಡವಳು ಕೊನೇ ತನಕ ಅನ್ನುತ್ತಾರೆ. ಈ ಮನೆಯಲ್ಲಿ ಕಟ್ಟಿಕೊಂಡವರು ಇಬ್ಬರು. ಗಂಡನ ಮನಸ್ಸಿನಲ್ಲಿ ಕೊನೇ ತನಕ ಇರುವವಳು ಯಾರು ಎಂದು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಬದುಕಿರುವ ಸವತಿಯಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇವಳ ಜೊತೆ ಏನಂತ ಆಡುವುದು? ಸತ್ತವಳಿಗೆ ಮಂಡಿನೋವಿಲ್ಲ, ಕನ್ನಡಕವಿಲ್ಲ, ಗೊಣಗಾಟವಿಲ್ಲ. ಐವತ್ತು ದಾಟಿ ಬೋಳಾಗುತ್ತಿರುವ ಗಂಡನ ಪಕ್ಕದಲ್ಲಿ, ಮಗಳಿಗೇ ತಂಗಿಯಂತೆ, ಮಿರಿಮಿರಿ ಕಪ್ಪು ಕೂದಲು ಬಿಟ್ಟುಕೊಂಡು ನಗುತ್ತಿದ್ದಾಳೆ.

ಚಿಕ್ಕಮ್ಮ ಅಕ್ಷರಗಳನ್ನು ಟೈಪಿಸಿದಳು. ಸುಮ್ಮನಿರಲಾರದೆ ಅವನ್ನು ಎಳೆದು, 'ಅಮ್ಮ' ಎಂಬ ಪದ ಅಮ್ಮನ ಮುಖದ ಮೇಲೆಯೇ ಬರುವಂತೆ ಕೂರಿಸಿದಳು. ಕ್ಷಣ ಹೊತ್ತು ಹಾಯೆನಿಸಿತು. ಆಮೇಲೆ ನಾಚಿಕೆಯಾಗಿ ಅಕ್ಷರಗಳನ್ನು ಕೆಳಕ್ಕೆ ಇಳಿಸಿದಳು. ಆದರೂ ಕೈ ತಡೆಯಲಿಲ್ಲ. ಹೊಸದೊಂದು ಲೇಯರ್ ತೆರೆದಳು. ಸತ್ತವಳ ಕಣ್ಣಿನ ಕೆಳಗೆ ಸ್ವಲ್ಪ ಕಪ್ಪು, ಬಾಯಿಯ ಪಕ್ಕದಲ್ಲಿ ಒಂದು ಗೆರೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ನರೆ ಮಾತ್ರ ಸರಿಬರಲಿಲ್ಲ. ಬ್ರಷ್ಷಿನಿಂದ ಬಳಿದರೆ ಸೀಮೆಸುಣ್ಣ ಮೆತ್ತಿದಂತೆ ಕಾಣುತ್ತಿತ್ತು. ಕೂದಲಿಗೆ ಬಣ್ಣ ಹಚ್ಚದ ಒಂದು ದಿನ, ಹೊಸ ಲೈಟು ಹೇಗಿದೆಯೆಂದು ನೋಡಲು ತೆಗೆದುಕೊಂಡಿದ್ದ ತನ್ನದೇ ಫೋಟೋ ಕಂಪ್ಯೂಟರಿನಲ್ಲಿತ್ತು. ಅದರಿಂದ ಕಿವಿಯ ಬದಿಯ ನರೆಗೂದಲನ್ನು ಎಳೆ ಎಳೆಯಾಗಿ ಕತ್ತರಿಸಿ ತಂದು ಅವಳ ಕಿವಿಯ ಬದಿಗೆ ಅಂಟಿಸಿದಳು.

"ಈಗ ನಗು ನೋಡೋಣ," ಎಂದಳು ಪರದೆಗೆ.

ಒಂದೇ ಒಂದು ಗಳಿಗೆ ನೋಡಿ ಸಂತೋಷಪಟ್ಟು ಆ ಲೇಯರಿನ ಕಣ್ಣು ಮುಚ್ಚುವುದೆಂದುಕೊಂಡಿದ್ದಳು. ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋ ಈಗಲೇ ಬೇಕೆಂದು ಗಿರಾಕಿಯೊಬ್ಬ ಬಂದು ನಿಂತ. ಅತ್ತ ಮಗಳದೂ ಫೋನು, "ಆಯ್ತಾ? ಕಳಿಸು, ಕಳಿಸು." ಗಡಿಬಿಡಿಯಲ್ಲಿ ಆ ಕಣ್ಣು ಮುಚ್ಚದೆ ಹಾಗೇ ಕಳಿಸಿಬಿಟ್ಟಳು.

ಸಂಜೆ ಮನೆಗೆ ಬಂದಾಗ ಗಂಡ ಮಗಳ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಮಗಳು ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಚಿಕ್ಕಮ್ಮ ಇಣುಕಿ ನೋಡಿದರೆ, ಪರದೆಯಲ್ಲಿ ನರೆತ ಅಮ್ಮ.

"ರೀ, ಅದು ತಪ್ಪಾಗಿ ಬಂದಿದೆ. ಆ ಗೆರೆ, ನರೆ ಎಲ್ಲಾ ಬೇರೆ ಲೇಯರಿನಲ್ಲಿದೆ. ಬೆಳಿಗ್ಗೆ ತೆಗೆದುಕೊಡ್ತೀನಿ."

"ಬೇಡ. ಮುಟ್ಟಬೇಡ." ಅವನು ಫೋನನ್ನು ತನ್ನತ್ತ ಎಳೆದುಕೊಂಡ. "ಇಷ್ಟು ವರ್ಷ ಅವಳು ಹುಡುಗಿಯಾಗೇ ಉಳಿದುಬಿಟ್ಟಿದ್ಲು. ನಾನೊಬ್ಬನೇ ಮುದುಕ ಆಗ್ತಾ ಇದ್ದೆ. ಈಗ ನೋಡು, ನನ್ನ ಜೊತೇಲೇ ಬಾಳಿದ ಹಾಗಿದಾಳೆ."

"ನಿನ್ನ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು, ಚಿಕ್ಕಮ್ಮ," ಎಂದಳು ಮಗಳು.

ಚಿಕ್ಕಮ್ಮ ಹೆಗಲ ಚೀಲ ಇಳಿಸುವುದನ್ನೂ ಮರೆತು ನಿಂತಳು. ಈ ಮನುಷ್ಯನ ಜೊತೆ ಬಾಳಿ ಸವೆಸಿದ ವರ್ಷಗಳನ್ನೆಲ್ಲ ಕೈಯಾರೆ ಕತ್ತರಿಸಿ ಅವಳಿಗೆ ಅಂಟಿಸಿ ಬಂದಿದ್ದಳು. ತನ್ನ ಪಾಲಿಗೆ ಇದ್ದದ್ದೇ ಅದೊಂದು. ಅದೂ ಹೋಯಿತು.

"ಕಿವಿ ಹತ್ರದ ಈ ನರೆ ಎಷ್ಟು ಚೆನ್ನಾಗಿ ಒಪ್ಪುತ್ತೆ," ಎಂದ ಗಂಡ, ಪರದೆಯನ್ನು ಮೆಲ್ಲಗೆ ಸವರುತ್ತಾ. "ಆಮೇಲೆ ಸೇರಿಸಿದ್ದು ಅನ್ಸೋದೇ ಇಲ್ಲ. ಎಲ್ಲಿಂದ ತಂದೆ?"

"ಇಲ್ಲೇ, ಮನೇಲೇ ಸಿಕ್ತು."

ಅವನು ತಲೆಯೆತ್ತಲಿಲ್ಲ. ಎರಡು ಬೆರಳಿನಿಂದ ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡ.