ಗಿರಣಿಗೆ ಉಳಿದ ಕರೆಂಟು

ಕಾದ ಜಲ್ಲಿಕಲ್ಲಿನ ಮೇಲೆ ನೀರು ಬಿದ್ದ ವಾಸನೆ ಬಂದರೆ ಈಗಲೂ ನನಗೆ ಗುಂಡಗುರ್ತಿಯ ಸಬ್‌ಸ್ಟೇಷನ್ ನೆನಪಾಗುತ್ತದೆ.

ಅವತ್ತು ಅದಕ್ಕೆ ಮೊದಲ ಸಲ ಕರೆಂಟು ಬಿಡುವವರಿದ್ದರು. ಅವ್ವ ಹಿಟ್ಟಿನ ಗಿರಣಿ ಇಟ್ಟಿದ್ದಳು. ದೂರದಿಂದ ಬರುತ್ತಿದ್ದ ಲೈನಿನಲ್ಲಿ ವೋಲ್ಟೇಜು ಸಾಲದೆ ಮೋಟಾರು ತಿರುಗದೆ ಬರೀ ಗುಂಯ್‌ಗುಡುತ್ತಿತ್ತು. ಇವತ್ತೂ ತಿರುಗದಿದ್ದರೆ ಮಾರಿಬಿಡೋಣವೆಂದು ಅಪ್ಪ ಹೇಳಿದ್ದ.

ಅರ್ಥಿಂಗ್ ಗುಂಡಿಯ ಮಣ್ಣು ಹಸಿಯಾಗಿರಬೇಕೆಂದು ಆಪರೇಟರ್ ಖಾಜಾ ಚಾಚಾ ನೀರು ಕೇಳಿದರು. ಹೆಂಗಸರು ಕೊಡ ತಂದು ಸುರಿದರು; ಸುತ್ತಲಿನ ಕಾದ ಜಲ್ಲಿಯ ಮೇಲೂ ನೀರು ಚೆಲ್ಲಿತು. ಯಾರೋ ಗುಂಡಿಯ ಪೈಪಿಗೆ ವಿಭೂತಿಯನ್ನೂ ಹಚ್ಚಿದರು. ಅವ್ವನೇ ಇರಬೇಕು, ಖಚಿತವಿಲ್ಲ.

"ಶಹಾಬಾದಿನ ದೊಡ್ಡ ಸ್ಟೇಷನ್‌ದಾಗ ವೋಲ್ಟೇಜ್ ಇಳಸ್ತಾರ," ಚಾಚಾ ಹೇಳಿದರು. "ಇಲ್ಲಿ ನಾವು ಇನ್ನಷ್ಟು ಇಳಸ್ತೀವಿ. ಕಡೀಕ ನಿಮ್ಮ ಓಣಿ ಕಂಬದ ಮ್ಯಾಲಿನ ಟಿಸಿ, ಅದ ಸಣ್ಣ ಟ್ರಾನ್ಸ್‌ಫಾರ್ಮರ್, ಇಳಸ್ತದ."

"ಎಲ್ಲಾರೂ ಇಳಿಸ್ಕೋತ ಬಂದ್ರ ನಮಗೇನ್ ಉಳೀತದರಿ ಚಾಚಾ?" ಅವ್ವ ಕೇಳಿದಳು. ಯಾರೂ ನಗಲಿಲ್ಲ. ಎಲ್ಲರಿಗೂ ಅದೇ ಅನುಮಾನವಿತ್ತು.

"ಗಿರಣಿಗೆ ಬೇಕಾದಷ್ಟು ಉಳೀತದ ಬೇಟಿ. ಊರ ಹತ್ರನೇ ಇಳಿಸಿದ್ರ ದಾರ್ಯಾಗ ಸೋರೂದು ಕಮ್ಮಿ."

ನಮ್ಮನ್ನೆಲ್ಲ ಬೇಲಿಯಾಚೆ ಕಳಿಸಿ ಲೈನು ಬಿಟ್ಟರು. ಅವ್ವ ನನ್ನ ಕೈ ಹಿಡಿದು ಗಿರಣಿಗೆ ಓಡಿದಳು. ಸ್ವಿಚ್ಚಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳೆಂದು ನೆನಪು. ನಿಜಕ್ಕೂ ಒಂದು ಕ್ಷಣವಿದ್ದೀತು. ಆಮೇಲೆ ಹಾಕಿದಳು. ಬೆಲ್ಟು ನಡುಗಿತು, ಒಮ್ಮೆ ಜಾರಿತು, ಮತ್ತೆ ತಿರುಗತೊಡಗಿತು. ಅವ್ವ ಅದನ್ನೇ ನೋಡುತ್ತಿದ್ದವಳು ಕಲ್ಲಿನ ಸದ್ದನ್ನು ಮೀರಿ ನನಗೆ ಕೂಗಿ ಹೇಳಿದಳು:

"ಓಣ್ಯಾಗ ಹೇಳಿ ಬಾ. ಜೋಳ ತರ್ರಿ ಅನ್ನು."