ಇಬ್ಬರಲ್ಲಿ ಒಬ್ಬ

“ಅದು ನನ್ನ ಗಂಡ ಅಲ್ಲ ಅಂತ ಹೇಳಿ ನೋಡೋಣ,” ವಿನೀತಾ ಪಿಸುಗುಟ್ಟಿದಳು. “ಹನ್ನೊಂದು ವರ್ಷ ಸಂಸಾರ ಮಾಡಿದ್ದೇನೆ. ಆ ನಿಲ್ಲೋ ಸ್ಟೈಲ್ ನಂಗೆ ಗೊತ್ತಾಗಲ್ವಾ?”

“ಶ್! ಹೆಸರು ಹೇಳೋ ಹಾಗಿಲ್ಲ,” ನೀರಜಾ ಗದರಿದಳು. ನಿಯಮ ಮಾಡಿದವಳೇ ಅವಳು.

ಮೈದಾನದ ನಡುವೆ ಎತ್ತರದ ಆಟಗಾರನೊಬ್ಬ ನಿಂತಿದ್ದ. ಹೆಲ್ಮೆಟ್ಟಿನ ಕಪ್ಪು ಗಾಜು ಮುಖವನ್ನು ಮುಚ್ಚಿತ್ತು. ಹೆಗಲ ಮೇಲೆ ದಪ್ಪ ಪ್ಯಾಡು, ಎದೆಯ ಮೇಲೆ ಒಂದು ಎಂಬ ಅಂಕಿ. ಗುರಿಗೆ ನೇತುಹಾಕಿದ್ದ ಟೈರಿನತ್ತ ಅವನು ಒಂದೊಂದಾಗಿ ಹತ್ತು ಚೆಂಡು ಎಸೆದ. ಏಳು ಒಳಗೆ ತೂರಿದವು. ತಲೆಬಾಗಿ, ಡ್ರೆಸ್ಸಿಂಗ್ ರೂಮಿನೊಳಕ್ಕೆ ಹೊರಟುಹೋದ.

ಲಿಂಕೋಪಿಂಗ್ ಎಂಬ ಸ್ವೀಡಿಷ್ ಊರಿನ ಆ ಪುಟ್ಟ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎರಡು ವಾರದಿಂದ ಒಂದೇ ಜಗಳ. ಆಟದಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಯಾರತ್ತ ಎಸೆಯಬೇಕೆಂದು ತೀರ್ಮಾನಿಸುವವನೂ ಅವನೇ. ಆ ಜಾಗದಲ್ಲಿ ಆಡುತ್ತಿದ್ದ ಕರಣ್ ಸೈಕಲ್ಲಿನಿಂದ ಬಿದ್ದು ಭುಜ ಮುರಿದುಕೊಂಡಿದ್ದ. ಮೊದಲ ಪಂದ್ಯಕ್ಕೆ ಉಳಿದಿದ್ದದ್ದು ಒಂದೇ ವಾರ.

ಆರು ವರ್ಷದಿಂದ ಬೆಂಚಿನಲ್ಲೇ ಕೂತು ಕಾದಿದ್ದ ಮೆಲ್ವಿನ್‌ಗೆ ಜಾಗ ಕೊಡಬೇಕೋ, ಹೋದ ಶರತ್ಕಾಲದಲ್ಲಷ್ಟೇ ಸೇರಿದ ಹತ್ತೊಂಬತ್ತರ ಅದ್ವೈತನಿಗೋ? ಫಿಕಾ ಎಂಬ ಕಾಫಿಕೂಟಕ್ಕೆಂದು ಸೇರಿದವರು ಕಾಫಿ ತಣ್ಣಗಾಗುವವರೆಗೂ ವಾದಿಸಿದರು. “ಅನುಭವ ಬೇಡವಾ?” ಎಂದರು ಕೆಲವರು. “ಮೂವತ್ತೆಂಟರ ಮೊಣಕಾಲು ಎಷ್ಟು ದಿನ ಬರುತ್ತೆ?” ಎಂದರು ಇನ್ನು ಕೆಲವರು. ಸೋತ ಕಡೆಯವರು ಕ್ಲಬ್ಬು ಬಿಡುವ ಮಾತೂ ಬಂತು.

ಅಧ್ಯಕ್ಷೆ ನೀರಜಾಳಿಗೆ ನಿದ್ದೆ ಹಾರಿಹೋಗಿತ್ತು. ಅದ್ವೈತ ಸ್ವಂತ ಅಕ್ಕನ ಮಗ. ಮೆಲ್ವಿನ್‌ನ ಹೆಂಡತಿ ವಿನೀತಾ ಈ ಊರಿಗೆ ಬಂದ ಮೊದಲ ವಾರದಿಂದ ಜೊತೆಗಿದ್ದ ಗೆಳತಿ, ಸಮಿತಿಯಲ್ಲೂ ಜೊತೆಗಿದ್ದವಳು. ಯಾರ ಕಡೆ ಕೈಯೆತ್ತಿದರೂ ಒಂದು ಮನೆಯ ಬಾಗಿಲು ಮುಚ್ಚುವುದು ಖಂಡಿತ.

ಕೊನೆಗೆ ಅವಳೇ ಉಪಾಯ ಹೂಡಿದಳು. ಇಬ್ಬರ ಎತ್ತರವೂ ಒಂದೇ. ಹೆಲ್ಮೆಟ್ ಹಾಕಿಕೊಂಡು ಎಸೆಯಲಿ. ಯಾರು ಮೊದಲು ಎನ್ನುವುದನ್ನು ಒಳಗೆ ತಾವೇ ಚೀಟಿ ಎತ್ತಿ ನಿರ್ಧರಿಸಿಕೊಳ್ಳಲಿ. ಡ್ರೆಸ್ಸಿಂಗ್ ರೂಮಿಗೆ ಬೇರೆ ಯಾರೂ ಕಾಲಿಡಕೂಡದು. ಸಮಿತಿಯವರ ಫೋನುಗಳೆಲ್ಲ ಒಂದು ಡಬ್ಬದಲ್ಲಿ. ಹನ್ನೊಂದಕ್ಕೆ ಸರಿಯಾಗಿ ಶುರು. ಬರದವನು ಆಯ್ಕೆಯಿಂದ ಹೊರಗೆ, ಅಕ್ಕನ ಮಗನಾದರೂ ಸರಿ.

ಈಗ ಎರಡನೆಯವನ ಸರದಿ. ಹತ್ತು ನಿಮಿಷವಾದರೂ ಅವನ ಸುಳಿವಿಲ್ಲ. ಡ್ರೆಸ್ಸಿಂಗ್ ರೂಮಿನಿಂದ ಒಂದು ಮಾತೂ ಕೇಳಿಸುತ್ತಿಲ್ಲ.

“ಹುಡುಗನಿಗೆ ಕೈಕಾಲು ನಡುಗ್ತಿರ್ಬೇಕು,” ಎಂದಳು ವಿನೀತಾ. ದನಿಯಲ್ಲಿ ಕನಿಕರವೂ ಇತ್ತು, ಸ್ವಲ್ಪ ಖುಷಿಯೂ ಇತ್ತು.

ಬಾಗಿಲು ತೆರೆಯಿತು. ಎರಡು ಎಂಬ ಅಂಕಿಯವನು ಓಡುತ್ತಲೇ ಬಂದ. ಎದೆ ಏರಿಳಿಯುತ್ತಿತ್ತು. ಬೆಚ್ಚಗಾಗಲು ಒಳಗೇ ಕಸರತ್ತು ಮಾಡಿರಬೇಕು ಎಂದುಕೊಂಡಳು ನೀರಜಾ. ಅವನು ಚೆಂಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಬಹಳ ಜವಾಬ್ದಾರಿಯ ಕೆಲಸವೊಂದು ಮೈಮೇಲೆ ಬಿದ್ದವನಂತೆ ಅರೆಗಳಿಗೆ ನಿಂತ. ಆಮೇಲೆ ಎಸೆದ. ಒಂದು, ಎರಡು, ಮೂರು. ಟೈರಿನ ಅಂಚಿಗೂ ತಗಲದೆ ಒಳಗೆ ತೂರಿದವು. ಕೊನೆಗೆ ಹತ್ತರಲ್ಲಿ ಒಂಬತ್ತು.

ವಿನೀತಾಳ ಮುಖ ಸಪ್ಪಗಾಯಿತು. “ವಯಸ್ಸಿನ ಹುಡುಗರ ಕೈ ಅಂದ್ರೆ ಕೈ, ನೀರಜಾ. ನಮ್ಮವರಿಗೆ ಆ ಸ್ಪೀಡ್ ಎಲ್ಲಿಂದ ಬರ್ಬೇಕು?”

ಆದರೂ ಸಮಿತಿ ಒಂದಾಗಲಿಲ್ಲ. ಒಂದನೆಯವನಲ್ಲಿ ತಾಳ್ಮೆಯಿದೆ, ಪಂದ್ಯದಲ್ಲಿ ಬೇಕಾದದ್ದು ಅದೇ ಎಂದು ಮೂವರು. ಎರಡನೆಯವನಲ್ಲಿ ಬಿಸಿರಕ್ತವಿದೆ, ಅದನ್ನು ಕಲಿಸಲಾಗದು ಎಂದು ಕೋಚ್ ಯೋರಾನ್ ಸೇರಿ ಮೂವರು. ಎಲ್ಲರೂ ನೀರಜಾಳತ್ತ ತಿರುಗಿದರು.

ಎತ್ತಿ ಆಡಿಸಿದ ಮಗುವಿನ ನಡಿಗೆ ಗುರುತಾಗದೇ ಇರುತ್ತದೆಯೇ? ಆ ಓಟ, ಆ ಅವಸರ, ಎಲ್ಲ ಅದ್ವೈತನದೇ. ಆದರೆ ಒಂಬತ್ತು ಒಂಬತ್ತೇ. ಯಾರ ಮುಖ ನೋಡಿ ಹೇಳಿದರೂ ಅದು ಏಳಾಗುವುದಿಲ್ಲ. ಗೆಳತಿಯ ಕೈಯನ್ನು ಒಮ್ಮೆ ಅದುಮಿ, ಎದ್ದು ನಿಂತಳು.

“ಎರಡನೆಯವನು,” ಎಂದಳು. “ನಾಲ್ಕಕ್ಕೆ ಮೂರು.”

ಮೈದಾನದಲ್ಲಿದ್ದವನು ಹೆಲ್ಮೆಟ್ ತೆಗೆಯಲಿಲ್ಲ. ಎರಡೂ ಕೈಯೆತ್ತಿ ಒಂದು ಕುಣಿತ ಕುಣಿದು ಡ್ರೆಸ್ಸಿಂಗ್ ರೂಮಿಗೆ ಓಡಿದ. ವಿನೀತಾ ಕಣ್ಣೊರೆಸಿಕೊಂಡು ನಕ್ಕಳು. “ಹೋಗಿ ನಿಮ್ಮ ಹುಡುಗನಿಗೆ ಕಂಗ್ರಾಟ್ಸ್ ಹೇಳಿ. ನಾನು ಆಮೇಲೆ ಬರ್ತೇನೆ. ಮೊದಲು ನಮ್ಮವರನ್ನ ಸಮಾಧಾನ ಮಾಡ್ಬೇಕು.”

ನೀರಜಾ ಡಬ್ಬದಿಂದ ಫೋನು ತೆಗೆದಳು. ಅಕ್ಕನಿಗೆ ಸುದ್ದಿ ಹೇಳುವ ಆತುರ. ಪರದೆಯ ಮೇಲೆ ಐದು ಮಿಸ್ಡ್ ಕಾಲ್, ಕೆಳಗೊಂದು ಮೆಸೇಜು, ಹನ್ನೊಂದು ಗಂಟೆ ಎರಡು ನಿಮಿಷದ್ದು.

“ಚಿಕ್ಕಮ್ಮ, ಟ್ರೇನಲ್ಲಿ ನಿದ್ದೆ ಹೋಗ್ಬಿಟ್ಟೆ, ಸಾರಿ. ಕಣ್ಣು ಬಿಟ್ರೆ ನಮ್ಮ ಸ್ಟೇಷನ್ ದಾಟಿ ನಾರ್ಕೋಪಿಂಗ್! ನನಗೆ ಕಾಯ್ಬೇಡಿ. ಮೆಲ್ವಿನ್ ಅಂಕಲ್‌ಗೇ ಕೊಡಿ.”

ಅವಳು ಎರಡು ಸಲ ಓದಿದಳು. ಫೋನನ್ನು ವಿನೀತಾಳ ಕೈಗಿಟ್ಟಳು. ಆಮೇಲೆ ತನ್ನದೇ ನಿಯಮ ಮುರಿದು, ಹೋಗಿ ಡ್ರೆಸ್ಸಿಂಗ್ ರೂಮಿನ ಬಾಗಿಲು ದೂಡಿದಳು.

ಒಳಗೆ ಮೆಲ್ವಿನ್ ಒಬ್ಬನೇ ಕೂತಿದ್ದ, ಬೆವರಿನಲ್ಲಿ ತೊಯ್ದು. ಅವಳನ್ನು ಕಂಡು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಹಲ್ಲು ಕಿರಿದ. “ಬರದಿದ್ರೆ ಔಟ್ ಅಂದಿದ್ರಲ್ಲ, ನೀರಜಾ ಅವ್ರೇ. ಎಲ್ಲೋ ಲೇಟಾಗಿರ್ಬೇಕು, ಪಾಪ. ಅವನ ಹೆಸರು ಕೆಡಬಾರದಲ್ಲ, ಅದಕ್ಕೇ ಅವನ ಸರದೀಲಿ ಸ್ವಲ್ಪ ಜೋಪಾನವಾಗಿ ಎಸೆದೆ.”

ನಾಲ್ಕಕ್ಕೆ ಮೂರಲ್ಲ, ಏಳಕ್ಕೆ ಏಳೂ ಮತಗಳು ಮೆಲ್ವಿನ್‌ಗೇ ಬಿದ್ದಿದ್ದವು.