ಬೇಯದ ಅನ್ನ

ನಾಲ್ವರು ಗೆಳತಿಯರ ಬೊಲಿವಿಯಾ ಪ್ರವಾಸದಲ್ಲಿ ಅಡುಗೆ ವಾರಿಜಳದೆಂದು ಯಾರೂ ನಿರ್ಧರಿಸಿರಲಿಲ್ಲ. ಅದು ತಾನಾಗಿಯೇ ಆಗಿಹೋಗಿತ್ತು. ಹತ್ತು ಕೆಜಿ ಅಕ್ಕಿ ಅವಳ ಸೂಟ್‌ಕೇಸಿನಲ್ಲೇ ಬಂದಿತ್ತು.

ಆದರೆ ಮುಗಿಲಿಗೆ ತಾಗಿದ ಲಾ ಪಾಜ್ ನಗರದಲ್ಲಿ ಒಂದು ಗಂಟೆ ಕುದಿಸಿದರೂ ಅನ್ನ ಗಟ್ಟಿಯಾಗಿಯೇ ಉಳಿಯಿತು.

“ಇಷ್ಟೆತ್ತರದಲ್ಲಿ ನೀರಿಗೆ ಬಿಸಿ ಸಾಲಲ್ಲ ಕಣೆ, ನಿನ್ನ ತಪ್ಪಲ್ಲ ಬಿಡು,” ಎಂದಳು ವಿಜ್ಞಾನದ ಮೇಡಂ ಆಗಿದ್ದ ಕುಮುದಿನಿ.

ಮೂರು ದಿನ ಎಲ್ಲರೂ ಬ್ರೆಡ್ಡು, ಆಲೂಗಡ್ಡೆ ತಿಂದರು. ವಾರಿಜ ಕೇಬಲ್ ಕಾರಿನಲ್ಲಿ ಊರಿನ ಮೇಲೆ ತೇಲಿದಳು. ಚೌಕದ ಬಿಸಿಲಿಗೆ ಕಾಲು ಚಾಚಿ ಕುಳಿತಳು. ಎಷ್ಟೋ ವರ್ಷಗಳ ಮೇಲೆ ಅವಳ ಕೈಗೆ ಒಗ್ಗರಣೆಯ ವಾಸನೆಯಿರಲಿಲ್ಲ.

ನಾಲ್ಕನೆಯ ದಿನ ಮಳೆಕಾಡಿಗೆ ಇಳಿದರು. ವಸತಿಯಲ್ಲಿ ಗ್ಯಾಸ್ ಒಲೆಯಿತ್ತು.

“ಸದ್ಯ, ತಗ್ಗಿಗೆ ಬಂದ್ವಿ! ನಾವು ಗುಲಾಬಿ ಡಾಲ್ಫಿನ್ ನೋಡ್ಕೊಂಡು ಬರೋಷ್ಟರಲ್ಲಿ ಬಿಸಿಬಿಸಿ ಅನ್ನ ಸಾರು ಮಾಡಿಟ್ಟಿರು ಮಹಾತಾಯಿ,” ಎಂದು ಕುಮುದಿನಿ ಉಳಿದಿಬ್ಬರೊಂದಿಗೆ ನದಿಯ ದೋಣಿಯತ್ತ ಹೊರಟಳು.

ಅವರು ಲೈಫ್ ಜಾಕೆಟ್ ಬಿಗಿದುಕೊಳ್ಳುವಷ್ಟರಲ್ಲೇ ಅಕ್ಕಿ ಅರಳತೊಡಗಿತು. ವಾರಿಜ ಒಂದು ಅಗುಳು ಹಿಚುಕಿ ನೋಡಿದಳು. ಮೆತ್ತಗಾಗುತ್ತಿತ್ತು.

ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ನದಿಯ ಕಡೆಗೆ ಓಡುತ್ತ ಕೂಗಿದಳು: “ನಿಲ್ರೇ, ನಾನೂ ಬಂದೆ! ಈ ಕಾಡಲ್ಲೂ ಅಕ್ಕಿ ಬೇಯ್ತಾ ಇಲ್ಲ!”